ವೇಗಕ್ಕೆ ಸೀಸದ ದಂಡ: ಸೆಜಾರೆವಿಚ್ ಓಟದ ಇತಿಹಾಸ

ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ನಡೆಯುವ ಒಂದು ಕುದುರೆ ಓಟ ಒಂದು ಜಿಲ್ಲೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ಕುದುರೆಗಳು ಕೇಂಬ್ರಿಡ್ಜ್‌ಶೈರ್‌ನಲ್ಲಿ ಹೊರಟು, ಸುಮಾರು ಅರ್ಧ ದಾರಿಯಲ್ಲಿ ಬಲಕ್ಕೆ ಒಂದೇ ಒಂದು ತಿರುವು ಹಾಕಿ, ಸಫಕ್ ನೆಲದಲ್ಲಿರುವ ಗುರಿಗಂಬವನ್ನು ದಾಟುತ್ತವೆ. ದೂರ ಎರಡು ಮೈಲಿ ಎರಡು ಫರ್ಲಾಂಗು, ಅಂದರೆ 3.6 ಕಿಲೋಮೀಟರ್. ಓಟದ ಮೊದಲ ಭಾಗ ಸ್ಟ್ಯಾಂಡಿನಲ್ಲಿ ಕೂತವರಿಗೆ ಸರಿಯಾಗಿ ಕಾಣುವುದೇ ಇಲ್ಲ. ದೊಡ್ಡ ಪರದೆಗಳು ಬರುವ ಮುಂಚೆ ಪ್ರೇಕ್ಷಕರು ದುರ್ಬೀನು ಹಿಡಿದು ಕಾಯಬೇಕಿತ್ತು. ಈ ಓಟದ ಹೆಸರು ಸೆಜಾರೆವಿಚ್ ಹ್ಯಾಂಡಿಕ್ಯಾಪ್. 1839ರಲ್ಲಿ ಆರಂಭವಾದ ಇದು ಹರ್ಡಲ್‌ನಂತಹ ತಡೆಗಳಿಲ್ಲದ ಓಟ. ರೇಸಿನ ಭಾಷೆಯಲ್ಲಿ ‘ಫ್ಲಾಟ್’.

ಹೆಸರು ಇಂಗ್ಲಿಷಿನದಲ್ಲ, ರಷ್ಯದ್ದು. ರಷ್ಯದ ಯುವರಾಜನ ಬಿರುದಿನ ಇಂಗ್ಲಿಷ್ ರೂಪ ಅದು. 1839ರ ಮೇ ತಿಂಗಳಲ್ಲಿ ಯುವರಾಜ ಅಲೆಕ್ಸಾಂಡರ್, ಮುಂದೆ ಎರಡನೇ ಅಲೆಕ್ಸಾಂಡರ್ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದವನು, ಯುರೋಪ್ ಪ್ರವಾಸದ ಭಾಗವಾಗಿ ಇಂಗ್ಲೆಂಡಿಗೆ ಬಂದಿದ್ದ. ಆಗಿನ್ನೂ ಮದುವೆಯಾಗದ ರಾಣಿ ವಿಕ್ಟೋರಿಯಾ ಅವನ ಜೊತೆ ನೃತ್ಯ ಮಾಡಿದ್ದಳು. ಅವನು ರೇಸಿನ ಸಂಸ್ಥೆಯಾದ ಜಾಕಿ ಕ್ಲಬ್ಬಿಗೆ 300 ಪೌಂಡ್ ದೇಣಿಗೆ ಕೊಟ್ಟ. ಹೊಸ ಓಟಕ್ಕೆ ಅವನ ಬಿರುದನ್ನೇ ಇಟ್ಟರು.

ರಾಜತಾಂತ್ರಿಕ ಸ್ನೇಹ ಹೆಚ್ಚು ಕಾಲ ಉಳಿಯಲಿಲ್ಲ. 1844ರಲ್ಲಿ ಅವನ ತಂದೆ ಚಕ್ರವರ್ತಿ ನಿಕೊಲಾಸ್ ಬಂದು ಹೋದ ಮೇಲೆ ಇಂಗ್ಲೆಂಡಿನ ಇನ್ನೊಂದು ರೇಸ್ ತಾಣವಾದ ಆಸ್ಕಟ್‌ನ ಗೋಲ್ಡ್ ಕಪ್ ಓಟಕ್ಕೆ ‘ಎಂಪರರ್ಸ್ ಪ್ಲೇಟ್’ ಎಂಬ ಹೆಸರು ಬಂದಿತ್ತು. ಕ್ರಿಮಿಯಾದಲ್ಲಿ ಬ್ರಿಟನ್ ಮತ್ತು ರಷ್ಯ ಯುದ್ಧಕ್ಕಿಳಿದಾಗ ಆಸ್ಕಟ್‌ನವರು ಆ ಹೆಸರನ್ನು ಕಿತ್ತು ಹಳೆಯದನ್ನೇ ಹಾಕಿಕೊಂಡರು. ನ್ಯೂಮಾರ್ಕೆಟ್‌ನವರು ಮಾತ್ರ ತಮ್ಮ ಓಟದ ಹೆಸರನ್ನು ಮುಟ್ಟಲಿಲ್ಲ. ಯುದ್ಧದ ನಡುವೆಯೇ, 1855ರಲ್ಲಿ, ಆ ಯುವರಾಜ ಶತ್ರುದೇಶದ ಚಕ್ರವರ್ತಿಯಾದ. 1881ರಲ್ಲಿ ಕ್ರಾಂತಿಕಾರಿಗಳ ಬಾಂಬಿಗೆ ಸತ್ತ. ಮುಂದೆ ರಷ್ಯದಲ್ಲಿ ರಾಜವಂಶವೇ ಇಲ್ಲವಾಯಿತು. ಬಿರುದು ಮಾತ್ರ ಇಂಗ್ಲೆಂಡಿನ ಬಾಜಿ ಪಟ್ಟಿಗಳಲ್ಲಿ ಉಳಿದಿದೆ.

ಹೆಸರಿನ ಕಥೆ ಅಷ್ಟೇ. ಈ ಓಟವನ್ನು ಅರ್ಥಮಾಡಿಕೊಳ್ಳಬೇಕಾದರೆ ಅದರ ಎರಡನೇ ಪದ, ಅಂದರೆ ಹ್ಯಾಂಡಿಕ್ಯಾಪ್ ಎಂಬ ಏರ್ಪಾಡು, ಹೇಗೆ ನಡೆಯುತ್ತದೆ ಎಂದು ನೋಡಬೇಕು.

ಡರ್ಬಿಯಂತಹ ಓಟದಲ್ಲಿ ಎಲ್ಲ ಗಂಡು ಕುದುರೆಗಳೂ ಒಂದೇ ಭಾರ ಹೊರುತ್ತವೆ. ಹೆಣ್ಣು ಕುದುರೆಗಳಿಗೆ ಸ್ವಲ್ಪ ರಿಯಾಯಿತಿ ಇರುತ್ತದೆ. ಅಲ್ಲಿ ಗೆದ್ದದ್ದು ಆ ದಿನದ ಮಟ್ಟಿಗೆ ಉತ್ತಮ ಕುದುರೆ ಎನ್ನಬಹುದು. ಹ್ಯಾಂಡಿಕ್ಯಾಪ್ ಓಟದ ತರ್ಕವೇ ಬೇರೆ. ಇಲ್ಲಿ ಕುದುರೆಯ ಸಾಮರ್ಥ್ಯಕ್ಕೆ ತಕ್ಕಂತೆ ಭಾರ. ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು, ಸಾಧಾರಣವಾದದ್ದಕ್ಕೆ ಕಡಿಮೆ. ಶಾಲೆಯ ಮೈದಾನದಲ್ಲಿ ಏಳನೇ ಕ್ಲಾಸಿನ ಹುಡುಗನನ್ನು ಮೂರನೇ ಕ್ಲಾಸಿನವನಿಗಿಂತ ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ ಓಡಿಸುವ ಮೇಷ್ಟರ ಲೆಕ್ಕಾಚಾರವೂ ಇದೇ. ಹಾಗೆ ನೋಡಿದರೆ ಬ್ರಿಟನ್ನಿನಲ್ಲಿ ನಡೆಯುವ ರೇಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಗೆಯವೇ. ಕಾರಣ ಸರಳ. ಉತ್ತಮ ಕುದುರೆಗಳು ಬೆರಳೆಣಿಕೆಯಷ್ಟು, ಸಾಧಾರಣ ಕುದುರೆಗಳು ಸಾವಿರಾರು. ಅವುಗಳ ಮಾಲೀಕರಿಗೂ ಗೆಲ್ಲುವ ಆಸೆ ಇರಬೇಕು, ಬಾಜಿ ಕಟ್ಟುವವರಿಗೂ ಫಲಿತಾಂಶ ಮೊದಲೇ ಗೊತ್ತಿರಬಾರದು.

ಭಾರವನ್ನು ನಿರ್ಧರಿಸುವ ಅಧಿಕಾರಿಗೆ ಹ್ಯಾಂಡಿಕ್ಯಾಪರ್ ಎನ್ನುತ್ತಾರೆ. ಅವನು ಪ್ರತಿ ಕುದುರೆಯ ಹಿಂದಿನ ಓಟಗಳನ್ನು ನೋಡಿ ಅದಕ್ಕೊಂದು ಅಂಕ ಕೊಡುತ್ತಾನೆ. ಬ್ರಿಟನ್ನಿನಲ್ಲಿ ಆ ಒಂದು ಅಂಕ ಒಂದು ಪೌಂಡ್ ತೂಕಕ್ಕೆ, ಸರಿಸುಮಾರು 450 ಗ್ರಾಂಗೆ, ಸಮ. ಉದಾಹರಣೆಗೆ ಮೂರು ಕುದುರೆಗಳ ಅಂಕ 105, 95, 85 ಎಂದಿಟ್ಟುಕೊಳ್ಳಿ. ಮೊದಲನೆಯದು ಸುಮಾರು 62.5 ಕಿಲೋ ಹೊತ್ತರೆ ಎರಡನೆಯದು 58 ಕಿಲೋ, ಮೂರನೆಯದು 53.5 ಕಿಲೋ ಹೊರುತ್ತದೆ. ಈ ತೂಕದಲ್ಲಿ ಜಾಕಿಯ ಮೈತೂಕವೂ ಜೀನೂ ಸೇರಿವೆ. ಅವೆರಡೂ ಸೇರಿ ನಿಗದಿಯಾದ ಭಾರಕ್ಕೆ ಸಾಲದಿದ್ದರೆ, ಜೀನಿನ ಕೆಳಗಿನ ಬಟ್ಟೆಯ ಜೇಬುಗಳಲ್ಲಿ ಸೀಸದ ತುಂಡುಗಳನ್ನು ತುಂಬುತ್ತಾರೆ. ಜಾಕಿ ಓಟಕ್ಕೆ ಮುನ್ನ ಜೀನು ಹಿಡಿದುಕೊಂಡು ತಕ್ಕಡಿಯ ಮೇಲೆ ನಿಲ್ಲಬೇಕು. ಓಟ ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತಾ ಮತ್ತೆ ಅದೇ ತಕ್ಕಡಿ ಹತ್ತಬೇಕು. ತೂಕ ಕಡಿಮೆ ಬಂದರೆ ಗೆದ್ದ ಕುದುರೆಯೂ ಅನರ್ಹ.

ನಾಲ್ಕೈದು ನೂರು ಕಿಲೋ ತೂಗುವ ಪ್ರಾಣಿಗೆ ಅರ್ಧ ಕಿಲೋ ಸೀಸ ಒಂದು ಲೆಕ್ಕವೇ ಎಂಬ ಪ್ರಶ್ನೆ ಏಳಬಹುದು. ಆ ತೂಕವನ್ನು ರೇಸಿನವರು ‘ಲೆಂತ್’ ಎಂಬ ಅಳತೆಗೆ, ಅಂದರೆ ಒಂದು ಕುದುರೆಯ ಉದ್ದಕ್ಕೆ, ಹೋಲಿಸುತ್ತಾರೆ. ಇದು ಸುಮಾರು ಎರಡೂವರೆ ಮೀಟರ್. ಐದು ಫರ್ಲಾಂಗಿನ ಚಿಕ್ಕ ಓಟದಲ್ಲಿ ಒಂದು ಲೆಂತ್ ಅಂತರ ಸುಮಾರು ಮೂರು ಪೌಂಡಿಗೆ ಸಮ. ಎರಡು ಮೈಲಿಯ ಓಟದಲ್ಲಿ ಸುಮಾರು ಒಂದೇ ಪೌಂಡಿಗೆ. ದೂರ ಹೆಚ್ಚಿದಂತೆ ಪ್ರತಿ ಪೌಂಡೂ ಹೆಚ್ಚು ಹೊತ್ತು ಬೆನ್ನ ಮೇಲಿರುತ್ತದೆ, ಅದರ ಪರಿಣಾಮವೂ ಬೆಳೆಯುತ್ತದೆ. ಹಾಗಾಗಿ ಸೆಜಾರೆವಿಚ್‌ನಂತಹ ದೀರ್ಘ ಓಟದಲ್ಲಿ ಹ್ಯಾಂಡಿಕ್ಯಾಪರ್ ಐದು ಪೌಂಡು ತಪ್ಪಿದರೆ ಐದು ಲೆಂತ್ ತಪ್ಪಿದಂತೆ. ಕೊನೆಯ ಹಂತದಲ್ಲಿ ನೆಲ ಮೊದಲು ಇಳಿಜಾರಾಗಿ, ಕೊನೆಯ ಫರ್ಲಾಂಗಿನಲ್ಲಿ ಏರುತ್ತದೆ. ದಣಿದ ಕುದುರೆಗೆ ಭಾರದ ಅರಿವಾಗುವುದು ಅಲ್ಲಿ.

ವಯಸ್ಸಿಗೂ ಒಂದು ಲೆಕ್ಕ ಇದೆ. ಮೂರು ವರ್ಷದ ಕುದುರೆ ಇನ್ನೂ ಬೆಳೆಯುತ್ತಿರುತ್ತದೆ. ದೊಡ್ಡ ಕುದುರೆಗಳ ಜೊತೆ ಓಡುವಾಗ ಅದಕ್ಕೆ ಕೆಲವು ಪೌಂಡು ರಿಯಾಯಿತಿ. ವಸಂತದಲ್ಲಿ ಈ ರಿಯಾಯಿತಿ ಹೆಚ್ಚು, ಶರತ್ಕಾಲದ ಹೊತ್ತಿಗೆ ಕಡಿಮೆ. ದೂರ ಹೆಚ್ಚಾದಷ್ಟೂ ಹೆಚ್ಚು. ಈ ಕೋಷ್ಟಕವನ್ನು ಹತ್ತೊಂಬತ್ತನೇ ಶತಮಾನದಲ್ಲಿ ರೂಪಿಸಿದವನು ಅಡ್ಮಿರಲ್ ಹೆನ್ರಿ ಜಾನ್ ರೌಸ್. ಅದನ್ನು ಕಾಲಕಾಲಕ್ಕೆ ತಿದ್ದಿದ್ದಾರೆ, ಆದರೆ ತಳಹದಿ ಅವನದೇ.

ರೌಸ್‌ನ ಬಗ್ಗೆ ತುಸು ನಿಂತು ಹೇಳಬೇಕು. ಅವನು ನಿಜಕ್ಕೂ ನೌಕಾಪಡೆಯವನು. 1835ರಲ್ಲಿ ಪೀಕ್ ಎಂಬ ಯುದ್ಧನೌಕೆ ಲ್ಯಾಬ್ರಡಾರ್ ಕರಾವಳಿಯ ಬಂಡೆಗಳಿಗೆ ತಾಗಿ ಜಖಂ ಆದಾಗ, ಚುಕ್ಕಾಣಿ ಕಳೆದುಕೊಂಡ ಆ ಹಡಗನ್ನು ಅಟ್ಲಾಂಟಿಕ್ ದಾಟಿಸಿ ಇಂಗ್ಲೆಂಡಿಗೆ ತಂದ. ಆಮೇಲೆ ಸಮುದ್ರ ಬಿಟ್ಟು ರೇಸಿಗೆ ಬಂದ. 1850ರಲ್ಲಿ ರೇಸಿನ ಕಾನೂನು ಮತ್ತು ರೂಢಿಗಳ ಬಗ್ಗೆ ಪುಸ್ತಕ ಬರೆದ. 1855ರಲ್ಲಿ ಸಾರ್ವಜನಿಕ ಹ್ಯಾಂಡಿಕ್ಯಾಪರ್ ಆದ. ಬೆಳಗಿನ ತಾಲೀಮಿನ ಹೊತ್ತಿಗೆ ದುರ್ಬೀನು ಹಿಡಿದು ನಿಲ್ಲುತ್ತಿದ್ದ. ಯಾವ ಕುದುರೆ ಹೇಗೆ ಓಡಿತು, ಯಾವ ಜಾಕಿ ಲಗಾಮು ಬಿಗಿಹಿಡಿದ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಭಾರಿ ಮೊತ್ತದ ಜೂಜನ್ನು ವಿರೋಧಿಸುತ್ತಿದ್ದ ಅವನ ಪ್ರಾಮಾಣಿಕತೆಯ ಮೇಲೆ ಎಲ್ಲರಿಗೂ ನಂಬಿಕೆ ಇತ್ತು. ಆ ನಂಬಿಕೆ ಇಲ್ಲದಿದ್ದರೆ ಹ್ಯಾಂಡಿಕ್ಯಾಪ್ ಎಂಬ ಏರ್ಪಾಡು ಒಂದು ವರ್ಷವೂ ನಿಲ್ಲುತ್ತಿರಲಿಲ್ಲ. ಯಾಕೆಂದರೆ ಅಲ್ಲಿ ಒಬ್ಬ ಮನುಷ್ಯನ ಅಂದಾಜು ಸಾವಿರಾರು ಜನರ ಹಣದ ಭವಿಷ್ಯ ಬರೆಯುತ್ತದೆ.

ಈ ಏರ್ಪಾಡಿನಲ್ಲಿ ಹುಟ್ಟಿನಿಂದಲೇ ಒಂದು ದೋಷವಿದೆ, ಅದು ರೌಸ್‌ಗೂ ಚೆನ್ನಾಗಿ ಗೊತ್ತಿತ್ತು. ಚೆನ್ನಾಗಿ ಓಡಿದರೆ ಭಾರ ಹೆಚ್ಚುತ್ತದೆ, ಕಳಪೆಯಾಗಿ ಓಡಿದರೆ ಇಳಿಯುತ್ತದೆ. ಹಾಗಾದರೆ ಚಿಕ್ಕಪುಟ್ಟ ಓಟಗಳಲ್ಲಿ ಬೇಕೆಂದೇ ಸೋತು, ಅಂಕ ಇಳಿಸಿಕೊಂಡು, ದೊಡ್ಡ ಬಹುಮಾನದ ದಿನ ಹಗುರ ಭಾರದಲ್ಲಿ ನುಗ್ಗಿದರೆ? ಮಾಲೀಕ ಬಹುಮಾನಕ್ಕಿಂತ ಹೆಚ್ಚನ್ನು ಬಾಜಿಯಲ್ಲೇ ಗಳಿಸಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ಸೆಜಾರೆವಿಚ್ ಮೇಲಿನ ಬಾಜಿ ವಾರಗಟ್ಟಲೆ ಮುಂಚೆಯೇ ಶುರುವಾಗುತ್ತಿತ್ತು. ಭಾರದ ಪಟ್ಟಿ ಪ್ರಕಟವಾದೊಡನೆ ಯಾವ ಕುದುರೆಗೆ ‘ಸಲೀಸು’ ಸಿಕ್ಕಿದೆ ಎಂದು ಬುಕ್ಕಿಗಳೂ ಪತ್ರಿಕೆಗಳೂ ಜಾಲಾಡುತ್ತಿದ್ದವು. ಹ್ಯಾಂಡಿಕ್ಯಾಪರ್‌ನ ಕಣ್ಣಿಗೆ ಮಣ್ಣೆರಚುವುದು ತರಬೇತುದಾರರ ಒಂದು ವಿದ್ಯೆಯೇ ಆಗಿತ್ತು.

ಪಟ್ಟಿ ಪ್ರಕಟವಾದ ಮೇಲೆ ಯಾವುದಾದರೂ ಕುದುರೆ ಬೇರೆ ಓಟ ಗೆದ್ದರೆ ಅದಕ್ಕೆ ಹೆಚ್ಚುವರಿ ಪೌಂಡುಗಳ ದಂಡ ಬೀಳುತ್ತದೆ. ಈ ದಂಡದ ಪರಿಣಾಮ ಗೊತ್ತಾಗಬೇಕಾದರೆ ‘ಆಟಮ್ ಡಬಲ್’ ಎಂಬ ಶರತ್ಕಾಲದ ಜೋಡಿಯನ್ನು ನೋಡಬೇಕು. ಸೆಜಾರೆವಿಚ್ ಆರಂಭವಾದ 1839ರಲ್ಲೇ ನ್ಯೂಮಾರ್ಕೆಟ್‌ನಲ್ಲಿ ಕೇಂಬ್ರಿಡ್ಜ್‌ಶೈರ್ ಎಂಬ ಇನ್ನೊಂದು ಹ್ಯಾಂಡಿಕ್ಯಾಪ್ ಹುಟ್ಟಿತು. ಅದರ ದೂರ ಇದರ ಅರ್ಧ, ಒಂಬತ್ತು ಫರ್ಲಾಂಗು. ಎರಡೂ ಓಟಗಳ ವಿಜೇತರನ್ನು ಜೋಡಿಯಾಗಿ ಊಹಿಸಿ ಬಾಜಿ ಕಟ್ಟುವುದು ಜನಪ್ರಿಯವಾಯಿತು. ಆದರೆ ಒಂದೇ ಕುದುರೆ ಒಂದೇ ವರ್ಷ ಎರಡನ್ನೂ ಗೆದ್ದದ್ದು ಇಷ್ಟು ಕಾಲದಲ್ಲಿ ಮೂರೇ ಬಾರಿ. 1876ರಲ್ಲಿ ರೋಸ್‌ಬೆರಿ, 1881ರಲ್ಲಿ ಫಾಕ್ಸ್‌ಹಾಲ್, 1885ರಲ್ಲಿ ಫ್ರಾನ್ಸಿನಿಂದ ಬಂದ ಹೆಣ್ಣು ಕುದುರೆ ಪ್ಲೆಸಾಂಟರಿ. ಆಮೇಲೆ ಯಾವುದಕ್ಕೂ ಅದು ದಕ್ಕಿಲ್ಲ.

ಫಾಕ್ಸ್‌ಹಾಲ್‌ನ ಲೆಕ್ಕ ಹ್ಯಾಂಡಿಕ್ಯಾಪ್ ಪಾಠಕ್ಕೆ ಹೇಳಿಮಾಡಿಸಿದಂತಿದೆ. ಅಮೆರಿಕದಲ್ಲಿ ಹುಟ್ಟಿದ ಈ ಮೂರು ವರ್ಷದ ಕುದುರೆ ಅದೇ ವರ್ಷ ಪ್ಯಾರಿಸ್‌ನ ಗ್ರ್ಯಾಂಡ್ ಪ್ರಿ ಗೆದ್ದಿತ್ತು. ಸೆಜಾರೆವಿಚ್‌ನಲ್ಲಿ ಅದು ಹೊತ್ತದ್ದು 7 ಸ್ಟೋನ್ 12 ಪೌಂಡ್. ಬ್ರಿಟಿಷರ ಒಂದು ಸ್ಟೋನ್ ಎಂದರೆ 14 ಪೌಂಡ್, ಹಾಗಾಗಿ ಇದು ಸುಮಾರು 50 ಕಿಲೋ. ಹನ್ನೆರಡು ಲೆಂತ್ ಅಂತರದಿಂದ ಗೆದ್ದಿತು. ಹ್ಯಾಂಡಿಕ್ಯಾಪ್ ಓಟದಲ್ಲಿ ಇಷ್ಟು ಅಂತರ ಬಂತೆಂದರೆ ಭಾರ ಹಂಚಿಕೆ ಎಡವಿದೆ ಎಂದೇ ಅರ್ಥ. ಎರಡು ವಾರದ ನಂತರ ಕೇಂಬ್ರಿಡ್ಜ್‌ಶೈರ್‌ಗೆ ಬಂದಾಗ, ಗೆದ್ದ ದಂಡವೂ ಸೇರಿ ಅದರ ಬೆನ್ನ ಮೇಲಿದ್ದದ್ದು 9 ಸ್ಟೋನ್. ಮೊದಲಿಗಿಂತ 16 ಪೌಂಡು, ಏಳು ಕಿಲೋಗೂ ಹೆಚ್ಚು. ಆಗಲೂ ಗೆದ್ದಿತು, ಆದರೆ ತಲೆಯಷ್ಟು ಅಂತರದಿಂದ. ಹನ್ನೆರಡು ಲೆಂತ್‌ನ ಮೇಲುಗೈ ಸೀಸದ ಕೆಳಗೆ ಕರಗಿ ಒಂದು ತಲೆಯಷ್ಟೇ ಉಳಿಯಿತು. ಮಾಲೀಕ ಗೆದ್ದ ಎನ್ನುವುದು ಸರಿ, ಎರಡನೇ ಬಾರಿಗೆ ಹ್ಯಾಂಡಿಕ್ಯಾಪರ್ ಹೆಚ್ಚುಕಡಿಮೆ ಸರಿಯಾಗಿ ಅಳೆದಿದ್ದ ಎನ್ನುವುದೂ ಅಷ್ಟೇ ಸರಿ.

ಹಾಗಾದರೆ ಹ್ಯಾಂಡಿಕ್ಯಾಪರ್‌ನ ಪರಿಪೂರ್ಣ ಗೆಲುವು ಹೇಗಿರುತ್ತದೆ? ಲೆಕ್ಕದ ಪ್ರಕಾರ ಎಲ್ಲ ಕುದುರೆಗಳೂ ಒಟ್ಟಿಗೇ ಗುರಿ ಮುಟ್ಟಬೇಕು. ಅದು ಆಗದ ಮಾತು, ಆದರೆ 1857ರಲ್ಲಿ ಅದರ ಹತ್ತಿರ ಬಂದದ್ದುಂಟು. ಆ ವರ್ಷ ಎಲ್ ಹಕೀಂ, ಕ್ವೀನ್ ಬೆಸ್, ಪ್ರಯೊರೆಸ್ ಎಂಬ ಮೂರು ಕುದುರೆಗಳು ಮೂರೂವರೆ ಕಿಲೋಮೀಟರಿಗೂ ಹೆಚ್ಚು ಓಡಿ ಬಂದ ಮೇಲೆ ಒಂದೇ ಗೆರೆಯಲ್ಲಿದ್ದವು. ಫಲಿತಾಂಶ ಹೇಳುವ ಕ್ಯಾಮೆರಾ ಬ್ರಿಟಿಷ್ ರೇಸಿಗೆ ಬಂದದ್ದು 1947ರಲ್ಲಿ. ಅಲ್ಲಿಯವರೆಗೆ ತೀರ್ಪುಗಾರನ ಕಣ್ಣೇ ಪ್ರಮಾಣ. ಅವನು ಮೂರನ್ನೂ ಸಮ ಎಂದ. ಈಗಾದರೆ ಬಹುಮಾನ ಹಂಚಿಬಿಡುತ್ತಾರೆ. ಆಗ ಸಮವಾದ ಕುದುರೆಗಳನ್ನು ಮತ್ತೊಮ್ಮೆ ಓಡಿಸುವ ಪದ್ಧತಿ ಇತ್ತು. ಮೂರೂ ಅದೇ ದಿನ ಮತ್ತೆ ಓಡಿದವು. ಗೆದ್ದದ್ದು ಪ್ರಯೊರೆಸ್, ಅಮೆರಿಕದಿಂದ ಹಡಗಿನಲ್ಲಿ ಕುದುರೆಗಳನ್ನು ತಂದಿದ್ದ ರಿಚರ್ಡ್ ಟೆನ್ ಬ್ರೋಕ್‌ನ ಹೆಣ್ಣು ಕುದುರೆ. ಆ ಮರು ಓಟದಲ್ಲಿ ಅದರ ಮೇಲಿದ್ದವನು ಜಾರ್ಜ್ ಫೋರ್ಡ್‌ಹಂ.

ಫೋರ್ಡ್‌ಹಂ ಹೆಸರು ಬಂದದ್ದರಿಂದ ಆ ಕಾಲದ ಒಂದು ಕಹಿ ಸಂಗತಿಯನ್ನೂ ಹೇಳಬೇಕಾಗುತ್ತದೆ. ಅವನು ಕೆಲವು ವರ್ಷ ಮೊದಲು, ಹದಿಹರೆಯದಲ್ಲಿ, ಲಿಟಲ್ ಡೇವಿಡ್ ಎಂಬ ಕುದುರೆಯ ಮೇಲೆ ಕೇಂಬ್ರಿಡ್ಜ್‌ಶೈರ್ ಗೆದ್ದಾಗ ಅವನ ತೂಕ 3 ಸ್ಟೋನ್ 12 ಪೌಂಡ್, ಅಂದರೆ 25 ಕಿಲೋಗಿಂತ ಕಡಿಮೆ. ದುರ್ಬಲ ಕುದುರೆಗೆ ಬಹಳ ಹಗುರ ಭಾರ ಕೊಟ್ಟರೆ ಅದರ ಮೇಲೆ ಕೂರಲು ಮಕ್ಕಳೇ ಬೇಕು. ಹ್ಯಾಂಡಿಕ್ಯಾಪ್‌ಗಳು ಜನಪ್ರಿಯವಾದಷ್ಟೂ ಇಂತಹ ಹುಡುಗರ ಬೇಡಿಕೆ ಹೆಚ್ಚಿತು. ಹಸಿದು, ಬೆವರಿಳಿಸಿ ತೂಕ ಕರಗಿಸಿಕೊಳ್ಳುವುದು ವೃತ್ತಿಯ ಭಾಗವಾಯಿತು. ಕನಿಷ್ಠ ಭಾರವನ್ನು ನಿಯಮಗಳು ಹಂತ ಹಂತವಾಗಿ ಮೇಲಕ್ಕೆತ್ತಿವೆ. ಈಗ ಅದು 8 ಸ್ಟೋನ್‌ಗಿಂತ, ಸುಮಾರು 51 ಕಿಲೋಗಿಂತ, ಕೆಳಗಿಲ್ಲ. ಇಂದಿನ ಜಾಕಿಗಳಿಗೂ ಅದು ಸುಲಭದ ತೂಕವಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಮೊದಲ ದರ್ಜೆಯ ಕುದುರೆಗಳೂ ಸೆಜಾರೆವಿಚ್‌ಗೆ ಬರುತ್ತಿದ್ದವು. 1880ರಲ್ಲಿ ಡರ್ಬಿಯನ್ನು ಕೂದಲೆಳೆಯಲ್ಲಿ ಕಳೆದುಕೊಂಡು ಸೇಂಟ್ ಲೆಜರ್ ಎಂಬ ಇನ್ನೊಂದು ದೊಡ್ಡ ಓಟ ಗೆದ್ದಿದ್ದ ರಾಬರ್ಟ್ ದಿ ಡೆವಿಲ್ ಇಲ್ಲಿ 8 ಸ್ಟೋನ್ 6 ಪೌಂಡ್ ಹೊತ್ತು ಗೆದ್ದಿತು. 1884ರ ಡರ್ಬಿಯಲ್ಲಿ ಹಾರ್ವೆಸ್ಟರ್ ಜೊತೆ ಸಮನಾಗಿ ಬಂದು ಬಹುಮಾನ ಹಂಚಿಕೊಂಡಿದ್ದ ಸೇಂಟ್ ಗೇಷನ್, ಅದೇ ವರ್ಷ 8 ಸ್ಟೋನ್ 10 ಪೌಂಡ್ ಹೊತ್ತು ಗೆದ್ದಿತು. ಮೂರು ವರ್ಷದ ಕುದುರೆಗೆ ಅದು ಬಹಳ ದೊಡ್ಡ ಭಾರ. ಈಗ ಅಂತಹ ಕುದುರೆಗಳು ಇತ್ತ ತಲೆ ಹಾಕುವುದಿಲ್ಲ. ಸಮಭಾರದ ದೊಡ್ಡ ಓಟಗಳಲ್ಲೇ ಸಾಕಷ್ಟು ಹಣವಿದೆ. ಅಲ್ಲಿ ಗೆದ್ದ ಗಂಡು ಕುದುರೆಗೆ ತಳಿ ಬೆಳೆಸುವವರ ಮಾರುಕಟ್ಟೆಯಲ್ಲಿ ಸಿಗುವ ಬೆಲೆ ಬಹುಮಾನಕ್ಕಿಂತ ಎಷ್ಟೋ ಪಟ್ಟು. ಆ ಮಾರುಕಟ್ಟೆ ದೀರ್ಘ ಓಟದ ತಾಳ್ಮೆಗಿಂತ ಒಂದೂವರೆ ಮೈಲಿಯೊಳಗಿನ ವೇಗಕ್ಕೆ ಹೆಚ್ಚು ಬೆಲೆ ಕಟ್ಟುತ್ತದೆ.

ಖಾಲಿಯಾದ ಆ ಜಾಗಕ್ಕೆ ಯಾರು ಬಂದರು ಎಂಬುದೇ ಇತ್ತೀಚಿನ ಅಧ್ಯಾಯ. ಹರ್ಡಲ್ ಹಾರುವ ಕುದುರೆಗಳು ಬಂದವು. 2008ರಲ್ಲಿ ಗೆದ್ದ ಕರಾಚಿಯೋಲಾಗೆ ಹನ್ನೊಂದು ವರ್ಷ. ಫ್ಲಾಟ್ ಓಟದ ಲೆಕ್ಕದಲ್ಲಿ ಅದು ಮುದಿ ಕುದುರೆ. ಅದನ್ನು ಪಳಗಿಸಿದ ನಿಕಿ ಹೆಂಡರ್‌ಸನ್ ಹರ್ಡಲ್ ಓಟಗಳ ತರಬೇತುದಾರ. 2018, 2019, 2020ರಲ್ಲಿ ಐರ್ಲೆಂಡಿನ ವಿಲ್ಲಿ ಮಲಿನ್ಸ್ ಸತತ ಮೂರು ಬಾರಿ ಗೆದ್ದರು, ಲೋ ಸನ್, ಸ್ಟ್ರೇಟಂ, ಗ್ರೇಟ್ ವೈಟ್ ಶಾರ್ಕ್ ಎಂಬ ಮೂರು ಬೇರೆ ಬೇರೆ ಕುದುರೆಗಳಿಂದ. 2021ರಲ್ಲಿ ಮತ್ತೆ ಹೆಂಡರ್‌ಸನ್ ಅವರ ಬಜ್. 2022ರಲ್ಲಿ ರನ್ ಫಾರ್ ಆಸ್ಕರ್, 2023ರಲ್ಲಿ ದಿ ಶಂಟರ್, ಎರಡೂ ಐರ್ಲೆಂಡಿನವು. ಆರು ವರ್ಷಗಳಲ್ಲಿ ಐದು ಬಾರಿ ಬಹುಮಾನ ಐರಿಷ್ ಸಮುದ್ರ ದಾಟಿ ಹೋಯಿತು.

ಇದರ ಹಿಂದಿನ ಯಂತ್ರ ಹೀಗಿದೆ. ಒಂದೇ ಕುದುರೆಗೆ ಫ್ಲಾಟ್ ಓಟಕ್ಕೊಂದು ಅಂಕ, ಹರ್ಡಲ್ ಓಟಕ್ಕೆ ಬೇರೊಂದು ಅಂಕ. ಕುದುರೆ ಎರಡು ಮೂರು ವರ್ಷ ಹರ್ಡಲ್ ಓಟಗಳಲ್ಲೇ ಕಳೆದು ಮೈಕಟ್ಟಿ ಬಲಿತಿರುತ್ತದೆ, ದೂರ ಓಡುವ ದಮ್ಮು ಬಂದಿರುತ್ತದೆ. ಆದರೆ ಅದರ ಫ್ಲಾಟ್ ಅಂಕ ಹಿಂದೆಂದೋ ಓಡಿದ ನಾಲ್ಕಾರು ಓಟಗಳ ಮೇಲೆಯೇ ನಿಂತಿರುತ್ತದೆ. ಹ್ಯಾಂಡಿಕ್ಯಾಪರ್ ಭಾರ ಹೇರುವುದು ತನ್ನ ಕಣ್ಣ ಮುಂದಿನ ದಾಖಲೆಗೆ. ತರಬೇತುದಾರ ಓಡಿಸುವುದು ಈಗಿನ ಕುದುರೆಯನ್ನು. ಇದರಲ್ಲಿ ಮೋಸವೇನೂ ಇಲ್ಲ. ಯಾರೂ ಬೇಕೆಂದು ಸೋತಿಲ್ಲ, ಲಗಾಮು ಎಳೆದಿಲ್ಲ. ರೌಸ್ ದುರ್ಬೀನು ಹಿಡಿದು ಹುಡುಕುತ್ತಿದ್ದದ್ದು ಅಡಗಿಸಿಟ್ಟ ಸಾಮರ್ಥ್ಯವನ್ನು. ಇಲ್ಲಿ ಸಾಮರ್ಥ್ಯ ಎಲ್ಲರಿಗೂ ಕಾಣುವಂತೆಯೇ ಇದೆ, ಬೇರೆ ಖಾತೆಯಲ್ಲಿ ಬರೆದಿದೆ ಅಷ್ಟೇ.

ಬೆಂಗಳೂರು ಮತ್ತು ಮೈಸೂರಿನ ರೇಸುಗಳನ್ನು ಬಲ್ಲವರಿಗೆ ಈ ಅಂಕ-ಭಾರದ ಲೆಕ್ಕ ಹೊಸತಲ್ಲ. ಇಲ್ಲಿನ ರೇಸ್ ಪುಸ್ತಕಗಳಲ್ಲೂ ಕುದುರೆಯ ಹೆಸರಿನ ಪಕ್ಕದಲ್ಲಿ ರೇಟಿಂಗ್ ಮತ್ತು ಭಾರ ಇರುತ್ತವೆ. ನಮ್ಮಲ್ಲಿ ಪೌಂಡಿನ ಬದಲು ಕಿಲೋ, ಒಂದು ಅಂಕಕ್ಕೆ ಅರ್ಧ ಕಿಲೋ. ಬ್ರಿಟಿಷರು ಬಿಟ್ಟುಹೋದ ಈ ಪದ್ಧತಿಯ ಜೊತೆಗೆ ಅದರ ಅನುಮಾನಗಳೂ ಬಂದಿವೆ. ಹಿಂದಿನ ವಾರ ಹತ್ತನೆಯದಾಗಿ ಬಂದ ಕುದುರೆ ಈ ವಾರ ಗೆದ್ದರೆ ಗ್ಯಾಲರಿಯಲ್ಲಿ ಏಳುವ ಕೂಗು ನ್ಯೂಮಾರ್ಕೆಟ್‌ನದಕ್ಕಿಂತ ಭಿನ್ನವೇನಲ್ಲ. ಆದರೆ ಹರ್ಡಲ್ ದಾಖಲೆಯ ತೊಡಕು ನಮಗಿಲ್ಲ. ಇಲ್ಲಿನ ರೇಸು ಫ್ಲಾಟ್ ರೇಸೇ.

ಐರಿಷ್ ಹರ್ಡಲ್ ಕುದುರೆಗಳು ಸೆಜಾರೆವಿಚ್‌ನ ಸ್ವರೂಪವನ್ನೇ ಕೆಡಿಸುತ್ತಿವೆ, ಫ್ಲಾಟ್ ಓಟಗಳಲ್ಲೇ ಪಳಗಿದ ಕುದುರೆಗಳಿಗೆ ಅನ್ಯಾಯವಾಗುತ್ತಿದೆ ಎಂಬ ದೂರು ಇದೆ. ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ವರ್ಷವಿಡೀ ಫ್ಲಾಟ್ ಓಟಗಳಲ್ಲಿ ಮುಖ ತೋರಿಸಿ, ಒಂದೊಂದು ಗೆಲುವಿಗೂ ಒಂದೊಂದು ಪೌಂಡು ತೆತ್ತು ಬಂದ ಕುದುರೆಯ ಮಾಲೀಕನಿಗೆ ಇದು ಕಸಿವಿಸಿಯ ವಿಷಯವೇ. ಆದರೆ ಅಂತಹ ಕುದುರೆಗಳನ್ನು ಹೊರಗಿಡಬೇಕು ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಹ್ಯಾಂಡಿಕ್ಯಾಪ್ ಓಟದಲ್ಲಿ ಯಾವ ಕುದುರೆ ಬಂತು ಎಂಬುದು ಸಮಸ್ಯೆಯಲ್ಲ, ಬಂದ ಕುದುರೆಯನ್ನು ಸರಿಯಾಗಿ ಅಳೆದೆವೇ ಎಂಬುದು ಪ್ರಶ್ನೆ. ಇತ್ತೀಚೆಗೆ ಫ್ಲಾಟ್ ಓಟಗಳಲ್ಲಿ ಕಾಣಿಸಿಕೊಳ್ಳದ ಕುದುರೆಗೆ ಭಾರ ಕಟ್ಟುವಾಗ ಅದರ ಹರ್ಡಲ್ ದಾಖಲೆಗೂ ತಕ್ಕ ತೂಕ ಕೊಡಲು ಹ್ಯಾಂಡಿಕ್ಯಾಪರ್‌ಗೆ ಧಾರಾಳ ಸ್ವಾತಂತ್ರ್ಯ ಇರಬೇಕು. ಅದರಿಂದಲೂ ತಪ್ಪುಗಳಾಗುತ್ತವೆ, ಕೆಲವು ಕುದುರೆಗಳಿಗೆ ಅತಿಯಾಗಿ ಭಾರ ಬೀಳುತ್ತದೆ. ಆದರೂ ಬಾಗಿಲು ಹಾಕುವುದಕ್ಕಿಂತ ತಕ್ಕಡಿ ತಿದ್ದುವುದು ಮೇಲು.

ಐರಿಷ್ ದಾಳಿ ಎಂದು ಗಾಬರಿ ಬೀಳುವವರು ವಿಜೇತರ ಪಟ್ಟಿಯ ಮೊದಲ ಪುಟವನ್ನೊಮ್ಮೆ ನೋಡಬಹುದು. ಐರ್ಲೆಂಡಿನಲ್ಲಿ ಹುಟ್ಟಿದ ಫಾ-ಅ-ಬಾಲಾ 1844ರಲ್ಲಿ, ಐರ್ಲೆಂಡಿನದೇ ಆದ ದಿ ಬ್ಯಾರನ್ ಮರುವರ್ಷವೇ ಸೇಂಟ್ ಲೆಜರ್ ಗೆದ್ದು ಆಯಾ ಶರತ್ಕಾಲದಲ್ಲೇ ಸೆಜಾರೆವಿಚ್ ಅನ್ನೂ ಗೆದ್ದವು. ಐರಿಷ್ ಕುದುರೆಯೊಂದು ಸೇಂಟ್ ಲೆಜರ್ ಗೆದ್ದದ್ದು ಆ 1844ರಲ್ಲೇ ಮೊದಲು. ನ್ಯೂಮಾರ್ಕೆಟ್‌ನಲ್ಲಿ ಈ ಓಟಕ್ಕೆ ಆಗಿನ್ನೂ ಐದಾರು ವರ್ಷದ ಪ್ರಾಯ.